ಮಸುಕು ಪೆನ್ಸಿಲಿನ ನಲವತ್ತಮೂರು ಕಾಗದ

ಆಕೆ ಅವರನ್ನು ಮೊದಲು ನೋಡಿದ ದಿನ ಅವರು ಕಿಟಕಿಯ ಹತ್ತಿರ ನಿಂತು, ಒಂದು ಕಾಗದವನ್ನು ಬೆಳಕಿಗೆ ಹಿಡಿದು, ಒಬ್ಬರೇ ನಗುತ್ತಿದ್ದರು. ಅದು ಪತ್ರಿಕೆಯ ಕಚೇರಿಯ ಎರಡನೆಯ ಮಹಡಿ. ಕೆಳಗೆ ಮುದ್ರಣದ ಯಂತ್ರ ಓಡುತ್ತಿತ್ತು. ಮೇಜಿನ ಮೇಲಿದ್ದ ಲೋಟದೊಳಗೆ ನೀರು ಸಣ್ಣಗೆ ನಡುಗುತ್ತಿತ್ತು. ಆ ಯಂತ್ರದ ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ನಿಂತು ದುಡಿದ ಆಕೆಯ ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಅವನು ಇದ್ದ ಋಣಕ್ಕೆ ಆಕೆಗೊಂದು ಕೆಲಸ ಕೊಡುತ್ತೇವೆಂದು ಕಚೇರಿಯವರು ಕರೆಸಿದ್ದರು. ಏನು ಕೆಲಸ ಎಂದು ಯಾರೂ ಹೇಳಿರಲಿಲ್ಲ.

"ಓದೋಕೆ ಬರುತ್ತಾ?" ಎಂದು ಅವರು ಕಾಗದದಿಂದ ಕಣ್ಣೆತ್ತದೆ ಕೇಳಿದರು.

"ಅಕ್ಷರ ಬರುತ್ತೆ ಸಾರ್. ಸೇರಿಸಿ ಓದೋದು ನಿಧಾನ."

"ಈ ಪುಣ್ಯಾತ್ಮ ನನ್ನನ್ನ ಹನ್ನೊಂದು ಸಲ ಕತ್ತೆ ಅಂದಿದ್ದಾನೆ. ಎಣಿಸಿ ನೋಡಿ."

ಆಕೆ ಕುರ್ಚಿಯ ತುದಿಯಲ್ಲಿ ಕೂತು, ಕಾಗದವನ್ನು ತೊಡೆಯ ಮೇಲೆ ಹರವಿ, ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಎರಡು ಪುಟ. ಅವರು ಒಂದು ಲೋಟ ಚಹಾ ಕುಡಿದು ಮುಗಿಸಿದರು, ಎರಡು ಫೋನು ಮಾತಾಡಿದರು, ಒಬ್ಬರನ್ನು ಬೈದು ಕಳಿಸಿದರು. ಆಕೆ ತಲೆಯೆತ್ತಲಿಲ್ಲ. ಕೊನೆಗೆ, "ಹನ್ನೆರಡು ಸಾರ್. ಒಂದು ಮಡಿಕೆಯೊಳಗೆ ಸಿಕ್ಕಿಕೊಂಡಿತ್ತು" ಎಂದಳು.

ಅವರು ಕಾಗದ ಇಸಿದುಕೊಂಡು ಮಡಿಕೆ ಬಿಡಿಸಿ ನೋಡಿದರು. ಆಕೆಯ ಕೆಲಸ ಅಲ್ಲಿಗೆ ಗಟ್ಟಿಯಾಯಿತು.

ಅವರು ಬರೆಯುತ್ತಿದ್ದ ಅಂಕಣದ ಹೆಸರು 'ಕೊಂಡಿ'. ಚೇಳಿನ ಬಾಲದಲ್ಲಿರುತ್ತದಲ್ಲ, ಅದು. ಊರಿನಲ್ಲಿ ಅವರ ನಿಜವಾದ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕೊಂಡಿಯವರು ಎಂದರೆ ಬಸ್ ಕಂಡಕ್ಟರನೂ ಜಾಗ ತೋರಿಸುತ್ತಿದ್ದ. ಭಾನುವಾರ ಅಂಕಣ ಬಂದರೆ ಬುಧವಾರದವರೆಗೆ ಕಾಗದ ಬೀಳುತ್ತಿದ್ದವು. ಉದ್ಯಾನದ ಪ್ರತಿಮೆಗಳನ್ನೆಲ್ಲ ಕಿತ್ತು ಅಲ್ಲಿ ಬೆಂಚು ಹಾಕಿ, ಸತ್ತವರು ನಿಂತಿದ್ದಾರೆ, ಬದುಕಿರುವವರಿಗೆ ಕೂರಲು ಜಾಗವಿಲ್ಲ ಎಂದು ಒಂದು ವಾರ ಬರೆದರು. ತಾಯಿಯ ಮೇಲೆ ಕವನ ಕಟ್ಟುವವರಲ್ಲಿ ಎಷ್ಟು ಜನ ಉಂಡ ತಟ್ಟೆ ತೊಳೆಯುತ್ತಾರೆ, ಕೈ ಎತ್ತಿ ಎಂದು ಇನ್ನೊಂದು ವಾರ. ಕೆಲವರು 'ಹಾಗೇ ಕುಟ್ಟಿ ಸಾರ್' ಎಂದು ಬರೆಯುವರು. ಕೆಲವರು 'ನಿನ್ನ ನಾಲಿಗೆ ಸೇದಿಹೋಗಲಿ' ಎಂದು ಬರೆದು ಕೆಳಗೆ 'ನಿಮ್ಮ ವಿಶ್ವಾಸಿ' ಎಂದು ಸಹಿ ಹಾಕುವರು.

ಆಕೆಯ ಕೆಲಸ ಲಕೋಟೆ ಕತ್ತರಿಸಿ, ಕಾಗದ ಬಿಡಿಸಿ, ಎರಡು ಪಾಲು ಮಾಡುವುದು. ಬೈದವು ಬೆತ್ತದ ಬುಟ್ಟಿಗೆ, ಹೊಗಳಿದವು ರಟ್ಟಿನ ಪೆಟ್ಟಿಗೆಗೆ. ಕೊಂಡಿಯವರು ಓದುತ್ತಿದ್ದದ್ದು ಬುಟ್ಟಿಯದನ್ನು ಮಾತ್ರ. ಪೆಟ್ಟಿಗೆಯನ್ನು ಮುಟ್ಟುತ್ತಲೇ ಇರಲಿಲ್ಲ. ಹೊಗಳಿಕೆ ಓದಿದ ವಾರ ಪೆನ್ನಿಗೆ ಬೊಜ್ಜು ಬರುತ್ತದೆ, ಏದುಸಿರು ಬಿಡುತ್ತದೆ ಎನ್ನುತ್ತಿದ್ದರು. ಪೆಟ್ಟಿಗೆ ತುಂಬಿದಾಗ ಅದರಲ್ಲಿದ್ದದ್ದನ್ನು ಎಸೆಯಲು ಆಕೆಗೆ ಮನಸ್ಸಾಗುತ್ತಿರಲಿಲ್ಲ. ದಾರ ಕಟ್ಟಿ ಕಪಾಟಿನ ತಲೆಯ ಮೇಲೆ ಇಡುತ್ತಿದ್ದಳು.

ದಿನಕ್ಕೆ ಅರವತ್ತು ಎಪ್ಪತ್ತು ಕಾಗದ. ಆಕೆ ಓದುವ ಚಂದಕ್ಕೆ ಸೋಮವಾರದ್ದು ಮುಗಿಯಲು ಶನಿವಾರ ಬೇಕು. ಎರಡನೆಯ ತಿಂಗಳಿಗೆ ಒಂದು ಉಪಾಯ ತಾನಾಗಿ ಬೆರಳಿಗೆ ಬಂತು. ಬೈಯುವವರು ಪೆನ್ನನ್ನು ಒತ್ತಿ ಬರೆಯುತ್ತಾರೆ. ಕಾಗದ ತಿರುಗಿಸಿ ಬೆನ್ನಿನ ಮೇಲೆ ಬೆರಳಾಡಿಸಿದರೆ ಉಬ್ಬು ಸಿಗುತ್ತದೆ, ಉತ್ತ ಹೊಲದ ಹಾಗೆ. ಮೆಚ್ಚಿದವರ ಕೈ ತೇಲುತ್ತದೆ, ಬೆನ್ನು ನುಣ್ಣಗಿರುತ್ತದೆ. ಆಕೆ ಓದುವುದನ್ನೇ ಬಿಟ್ಟಳು. ಪ್ರೂಫ್ ನೋಡುವವರು, ಉದ್ದ ಮೂಗಿನ, ಎಲ್ಲದಕ್ಕೂ ಕೊಂಕು ತೆಗೆಯುವ ಮನುಷ್ಯ, ಇದು ಕಣಿ ಹೇಳಿದ ಹಾಗಾಯಿತು ಎಂದು ಒಮ್ಮೆ ನೂರು ಕಾಗದ ತಾವೇ ಓದಿ ಪರೀಕ್ಷೆ ಮಾಡಿದರು. ತಪ್ಪಿದ್ದು ಮೂರು. ಕೊಂಡಿಯವರು ಮೇಜು ತಟ್ಟಿ ನಕ್ಕು, ಕಚೇರಿಯಲ್ಲೆಲ್ಲ ಹೇಳಿಕೊಂಡು ಬಂದರು. ಅಂದಿನಿಂದ ಆಕೆ 'ಕಾಗದದಮ್ಮ'. ಗಂಡ ಹೋದ ಮೇಲೆ ಆಕೆಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಆ ದಿನ ಮನೆಗೆ ಹೋಗುವಾಗ ಬೆರಳುಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದಳು, ಏನೋ ಒಡವೆ ಇದ್ದ ಹಾಗೆ.

ಹೀಗೆ ವರ್ಷಗಳು ಹೋದವು, ಒಂದು ದೊಡ್ಡ ಮಧ್ಯಾಹ್ನದ ಹಾಗೆ. ಕಿಟಕಿಯಿಂದ ಬಿಸಿಲಿನ ಪಟ್ಟಿ ಬಂದು ನೆಲದ ಮೇಲೆ ಮಲಗುವುದು. ಲಕೋಟೆ ಕತ್ತರಿಸಿದ ಪುಡಿ ಅದರೊಳಗೆ ತೇಲುವುದು. ಕೆಳಗಿನ ಯಂತ್ರದ ಗುಂಯ್ ಸದ್ದು ಕಾಲಿನಿಂದ ಮೇಲೆ ಹತ್ತುವುದು. ಆಕೆ ಕಣ್ಣು ಅರೆ ಮುಚ್ಚಿ ಬೆರಳಾಡಿಸುತ್ತಿದ್ದರೆ ಬರೆದವರ ಕೈ ಕಾಣಿಸುತ್ತಿತ್ತು. ಇದು ದಪ್ಪ ಮಣಿಕಟ್ಟಿನ ಅಂಗಡಿಯವನು. ಇದು ಹಲ್ಲು ಕಚ್ಚಿ ಬರೆದ ಮೇಷ್ಟರು. ಇವನು ಊಟ ಅರ್ಧಕ್ಕೆ ಬಿಟ್ಟು ಬರೆಯಲು ಎದ್ದವನು. ಎಷ್ಟೋ ಮನೆಗಳೊಳಗೆ, ಬಾಗಿಲು ತಟ್ಟದೆ, ಸುಮ್ಮನೆ ಹೋಗಿ ಬಂದ ಹಾಗೆ ಆಗುತ್ತಿತ್ತು.

ಆ ಕೈಗಳಲ್ಲಿ ಒಂದು ಆಕೆಗೆ ಬಲು ಇಷ್ಟ. ಎರಡು ವಾರಕ್ಕೊಮ್ಮೆ, ತಪ್ಪದೆ ಬುಧವಾರ, ಗೀಟು ಎಳೆದ ನೋಟ್‌ಬುಕ್ಕಿನ ಹಾಳೆ. ಪೆನ್ಸಿಲಿನ ಬರಹ, ಎಷ್ಟು ಹಗುರ ಎಂದರೆ ಬೆನ್ನಿನ ಮೇಲೆ ಬೆರಳಿಗೆ ಏನೂ ಸಿಗುತ್ತಿರಲಿಲ್ಲ. ಮಲಗಿದ ಮಗುವಿನ ಕೆನ್ನೆ ಮುಟ್ಟಿದ ಹಾಗೆ. ಇಪ್ಪತ್ತು ವರ್ಷದ ಹುಡುಗಿ ಇರಬೇಕು, ಕೊಂಡಿಯವರ ಬರಹ ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಕೊಂಡಿರಬೇಕು, ಕೇಳಿದರೆ ನಾಚುತ್ತಾಳೆ ಎಂದು ಆಕೆ ಒಂದೊಂದಾಗಿ ಸೇರಿಸುತ್ತ ಹೋಗಿ ಒಬ್ಬ ಹುಡುಗಿಯನ್ನೇ ಕಟ್ಟಿದಳು. ಅವಳಿಗೆ 'ಮೆತ್ತನೆಯವಳು' ಎಂದು ಹೆಸರನ್ನೂ ಇಟ್ಟಳು. ಆ ಕಾಗದಗಳಿಗೆ ಪ್ರತ್ಯೇಕ ದಾರ, ನೀಲಿಯದು.

ಅವು ಬರಲು ಶುರುವಾದದ್ದು ಗಡಿಯಾರದ ಅಂಕಣ ಬಂದ ಮೇಲೆ. ಕಚೇರಿಯ ಕಿಟಕಿಯಿಂದ ನಗರಸಭೆಯ ಗಡಿಯಾರದ ಗೋಪುರ ಕಾಣುತ್ತದೆ. ಒಮ್ಮೆ ಅದು ಏಳು ನಿಮಿಷ ಹಿಂದೆ ಬಿತ್ತು. ಕೊಂಡಿಯವರು ಯಾರಿಗೂ ಹೇಳದೆ ಮಧ್ಯಾಹ್ನ ಮೂರು ಗಂಟೆಗೆ ಗೋಪುರ ಹತ್ತಿದರು. ಮೇಲಿನ ಕೋಣೆಯಲ್ಲಿ ಗಡಿಯಾರಕ್ಕೆ ಕೀಲಿ ಕೊಡುವ ಮನುಷ್ಯ ಹಲಗೆಯ ನೆಲದ ಮೇಲೆ ಬೋರಲು ಬಿದ್ದಿದ್ದ. ಕೆನ್ನೆ ನೆಲಕ್ಕೆ, ಕಣ್ಣು ಮುಚ್ಚಿದೆ. ಎಬ್ಬಿಸದೆ ಇಳಿದು ಬಂದು ಬರೆದರು. ನಮ್ಮ ಊರಿನ ಹೊತ್ತು ಗೊರಕೆ ಹೊಡೆಯುತ್ತಿದೆ, ಯಾರೂ ಗದ್ದಲ ಮಾಡಬೇಡಿ ಎಂದು ಶುರುವಾಗುತ್ತಿತ್ತು ಆ ಬರಹ. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ವಾರ ಪೆಟ್ಟಿಗೆ ಎರಡು ಸಲ ತುಂಬಿತು. ನಗರಸಭೆಯವರು ಆ ಮನುಷ್ಯನನ್ನು ಮನೆಗೆ ಕಳಿಸಿದರು. ಅವನು ಬೀದಿಗೆ ಬಂದರೆ ಯಾರಾದರೊಬ್ಬರು ಗೊರಕೆಯ ಸದ್ದು ಮಾಡುತ್ತಿದ್ದರಂತೆ. ಇದೆಲ್ಲ ಆಕೆಗೆ ಕಿವಿಗೆ ಬಿದ್ದದ್ದು ಅಷ್ಟೆ, ಬಿದ್ದು ಹೋದದ್ದು.

ಅದಾಗಿ ಒಂದೂವರೆ ವರ್ಷಕ್ಕೆ ಕೊಂಡಿಯವರ ಕಣ್ಣು ಮಂಜಾಗುತ್ತ ಬಂತು. ಕಣ್ಣಿನ ನರ ಸೊರಗಿದೆ, ಓದಲೇಬೇಡಿ ಎಂದು ಡಾಕ್ಟರು ಹೇಳಿದರು. ಬುಟ್ಟಿಯ ಕಾಗದ ಓದಿ ಹೇಳುವ ಕೆಲಸಕ್ಕೆ ಪ್ರೂಫಿನವರು ಸಿದ್ಧರಿದ್ದರು. ಕೊಂಡಿಯವರು ಒಪ್ಪಲಿಲ್ಲ, ಬೈಗುಳ ಓದುವಾಗ ಇವರಿಗೆ ಖುಷಿ ಜಾಸ್ತಿ ಎಂದರು. ಆಕೆಯೇ ಓದಬೇಕಾಯಿತು. ಒಂದೊಂದು ಅಕ್ಷರ ಹಿಡಿದು, ಬಿಟ್ಟು, ಮತ್ತೆ ಹಿಡಿದು, ನೀ...ವು... ಮಾ...ನ... ಗೆ...ಟ್ಟ... ಎಂದು ಆಕೆ ಓದುತ್ತಿದ್ದರೆ ಅವರು ಕಣ್ಣು ಮುಚ್ಚಿ ಕುರ್ಚಿಗೆ ಒರಗುತ್ತಿದ್ದರು.

"ನಿಮ್ಮ ಬಾಯಲ್ಲಿ ಬೈಗುಳಾನೂ ಜೋಗುಳ ಆಗುತ್ತಲ್ಲ ಕಾಗದದಮ್ಮ" ಎಂದರು ಒಂದು ದಿನ. "ಅವನು ಎಷ್ಟು ಕಷ್ಟಪಟ್ಟು ಸಿಟ್ಟು ಮಾಡ್ಕೊಂಡಿದ್ದ ಪಾಪ."

ಒಂದು ಬುಧವಾರ ಅವರು ಡಾಕ್ಟರ ಹತ್ತಿರ ಹೋಗಿ ಬಂದು ಕುರ್ಚಿಗೆ ಒರಗಿದರು. ಆಕೆ ಬುಟ್ಟಿ ಎಳೆದುಕೊಂಡಾಗ ಕೈಯಾಡಿಸಿ ಬೇಡ ಎಂದರು. ಇವತ್ತು ಆ ಪೆಟ್ಟಿಗೆಯಿಂದ ಒಂದು ಓದಿ, ಇರುವುದರಲ್ಲಿ ಮೆತ್ತಗಿರುವುದು ನೋಡಿ ಎಂದರು.

ಆಕೆಗೆ ಹಿಗ್ಗೋ ಹಿಗ್ಗು. ಅಂದಿನ ಅಂಚೆಯಲ್ಲಿ ಮೆತ್ತನೆಯವಳ ಕಾಗದ ಬಂದಿತ್ತು. ಕಿಟಕಿಯ ಹತ್ತಿರ ಹಿಡಿದರೆ ಮಾತ್ರ ಕಾಣುವಷ್ಟು ಮಸುಕು. ಆಕೆ ಬಿಸಿಲ ಪಟ್ಟಿಯೊಳಗೆ ನಿಂತು ಓದತೊಡಗಿದಳು.

'ಮಾನ್ಯರೇ, ನಮಸ್ಕಾರ. ಇದು ನನ್ನ ನಲವತ್ತಮೂರನೆಯ ಕಾಗದ. ಗಡಿಯಾರದ ಕೋಣೆಯಲ್ಲಿ ನಮ್ಮ ಯಜಮಾನರು ಆ ದಿನ ನಿದ್ದೆ ಮಾಡುತ್ತಿರಲಿಲ್ಲ.'

ನಿಧಾನವಾಗಿ ಓದುವವರಿಗೆ ಒಂದು ಅನುಕೂಲ ಇರುತ್ತದೆ. ಬಾಯಿ ಒಂದು ಮಾತಿನಲ್ಲಿರುವಾಗ ಕಣ್ಣು ಮುಂದಿನ ಮಾತನ್ನು ನೋಡಿರುತ್ತದೆ. ಬಾಯಿ 'ನಮಸ್ಕಾರ' ಎನ್ನುವಷ್ಟರಲ್ಲಿ ಆಕೆ ನಿಂತಳು, ಮಿಕ್ಕದ್ದನ್ನು ಕಣ್ಣಷ್ಟೇ ಓದಿತ್ತು. ಎರಡು ವರ್ಷ ಕಟ್ಟಿದ್ದ ಹುಡುಗಿ ಕೈಯಿಂದ ಜಾರಿ ಬಿದ್ದು ಹೋದಳು. ಎದುರಿಗೆ ಕಣ್ಣು ಕಾಣದ ಮನುಷ್ಯ, ಕಾಗದ ಆಕೆಯ ಕೈಯಲ್ಲಿ. ನಿಮ್ಮ ಬರಹ ಚೆನ್ನಾಗಿದೆ, ಹೀಗೇ ಬರೆಯುತ್ತಿರಿ ಎಂದು ನಾಲ್ಕು ಮಾತು ಸೇರಿಸಿ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ನೂರಕ್ಕೆ ಮೂರು ತಪ್ಪಿದ ಬೆರಳಿನ ಮರ್ಯಾದೆಯೂ ಉಳಿಯುತ್ತದೆ.

"ಯಾಕೆ, ಮಸುಕಾ?" ಎಂದರು ಅವರು.

"ಇಲ್ಲ ಸಾರ್. ಕಾಣುತ್ತೆ" ಎಂದು ಆಕೆ ಬಿಟ್ಟಲ್ಲಿಂದ ಎಲ್ಲವನ್ನೂ ಓದಿದಳು.

'ಅವರು ನೆಲಕ್ಕೆ ಕಿವಿಯಿಟ್ಟು ಗಡಿಯಾರದ ಬಡಿತ ಕೇಳುತ್ತಿದ್ದರು. ಅದು ಅವರ ಕೆಲಸ. ನೀವು ಬರೆದ ಮೇಲೆ ಅವರು ಹಗಲು ಹೊತ್ತು ಮಲಗುವುದನ್ನೇ ಬಿಟ್ಟರು. ಎದೆ ನಿಶ್ಶಕ್ತಿಯಾಗಿದೆ, ಮಧ್ಯಾಹ್ನ ಎರಡು ಗಂಟೆ ಮಲಗಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಯಾರಾದರೂ ಕಿಟಕಿಯಲ್ಲಿ ನೋಡಿಬಿಟ್ಟರೆ ಎಂದು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಕಾಲು ಊದಿಕೊಳ್ಳುತ್ತಿದೆ. ಅವರು ನಿದ್ದೆ ಮಾಡುತ್ತಿರಲಿಲ್ಲ ಎಂದು ಒಂದು ಸಾಲು ಬರೆಯಿರಿ, ಅವರು ಮಲಗಿಕೊಳ್ಳಲಿ. ಅವರಿಗೆ ತಿಳಿಸದೆ ಬರೆಯುತ್ತಿದ್ದೇನೆ. ಗಡಿಯಾರ ಕೇಳಿ ಪಳಗಿದ ಕಿವಿ, ಪೆನ್ನಿನಲ್ಲಿ ಬರೆದರೆ ಪಕ್ಕದ ಕೋಣೆಯಿಂದ ಅವರಿಗೆ ಸದ್ದು ಕೇಳಿಸುತ್ತದೆ. ಅದಕ್ಕೇ ಪೆನ್ಸಿಲು. ಒತ್ತಿ ಬರೆಯಲೂ ಆಗದು. ಓದಲು ತೊಂದರೆಯಾದರೆ ಕ್ಷಮಿಸಿ.'

ಓದಿ ಮುಗಿಯುವಷ್ಟರಲ್ಲಿ ಬಿಸಿಲ ಪಟ್ಟಿ ಆಕೆಯ ಪಾದದಿಂದ ಸರಿದು ಗೋಡೆಗೆ ಹತ್ತಿತ್ತು. ಆಕೆ ಸ್ಟೂಲು ಹಾಕಿಕೊಂಡು ಕಪಾಟಿನ ಮೇಲಿಂದ ನೀಲಿ ದಾರದ ಕಟ್ಟು ಇಳಿಸಿ, ಧೂಳು ಒರೆಸಿ, ಅವರ ಮುಂದೆ ಇಟ್ಟಳು. ಇವು ಮಿಕ್ಕ ನಲವತ್ತೆರಡು, ಎಲ್ಲವನ್ನೂ ಈ ಪೆಟ್ಟಿಗೆಗೆ ಹಾಕಿದವಳು ತಾನೇ, ಒಂದನ್ನೂ ಓದಲಿಲ್ಲ, ತಪ್ಪು ತನ್ನದು ಎಂದಳು.

ಅವರು ಕಟ್ಟಿನ ಮೇಲೆ ಕೈಯಿಟ್ಟರು, ಬಿಚ್ಚಲಿಲ್ಲ. "ನಾನು ಕಣ್ಣಾರೆ ನೋಡಿದೀನಿ ಕಾಗದದಮ್ಮ" ಎಂದರು.

ಅದರ ಮುಂದಿನ ಭಾನುವಾರ ಬೇರೆ ಏನೋ ಬರೆಸಿದರು. ಅದರ ಮುಂದಿನ ಭಾನುವಾರವೂ. ಆಕೆ ದಿನಾ ಬೆಳಿಗ್ಗೆ ಮೇಜು ಒರೆಸಿ ಆ ಕಟ್ಟನ್ನು ಅದೇ ಜಾಗದಲ್ಲಿ ಇಡುತ್ತಿದ್ದಳು. ಅವರು ದಿನಾ ಅದನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಒಂದು ದಿನ ರೇಗಿದರು. ಮೂವತ್ತು ವರ್ಷದಲ್ಲಿ ಕೊಂಡಿ ಒಂದು ಅಕ್ಷರ ವಾಪಸು ತಗೊಂಡಿಲ್ಲ, ಒಂದು ಸಲ ತಗೊಂಡರೆ ನಾಳೆ ಪ್ರತಿಮೆಗಳೂ ಸಾಲಾಗಿ ಬಂದು ನಿಲ್ಲುತ್ತವೆ ಎಂದರು. ಪ್ರೂಫಿನವರು ಬಾಗಿಲಲ್ಲಿ ನಿಂತು ಹೌದೌದು ಎಂದರು. ಇದು ಗಂಡಸರ ದೊಡ್ಡ ಮಾತು, ತನಗೆ ಎಟುಕುವುದಲ್ಲ ಎಂದು ಆಕೆಗೆ ಅನ್ನಿಸಿತು. ಆದರೆ ಕುರ್ಚಿಯಲ್ಲಿ ನೆಟ್ಟಗೆ ಕೂತ ಒಬ್ಬ ಮನುಷ್ಯ ಆಕೆಯ ಕಣ್ಣಿನಿಂದ ಏಳುತ್ತಲೇ ಇರಲಿಲ್ಲ. ಮಧ್ಯಾಹ್ನ ಎರಡಾದರೆ ಸಾಕು, ಲಕೋಟೆಯೊಳಗೂ ಅವನೇ, ಲೋಟದ ನೀರಿನೊಳಗೂ ಅವನೇ.

"ವಾಪಸು ತಗೊಳ್ಳಬೇಡಿ ಸಾರ್" ಎಂದಳು. "ಹತ್ತಿ ನೋಡಿಕೊಂಡು ಬರೋಣ. ಅಷ್ಟೆ."

ನೂರ ಹನ್ನೆರಡು ಮೆಟ್ಟಿಲು. ಆಕೆ ಎಣಿಸುತ್ತ, ಅವರ ಮೊಣಕೈ ಹಿಡಿದು ಹತ್ತಿಸಿದಳು. ಮೂರು ಕಡೆ ಕೂತು ಸುಧಾರಿಸಿಕೊಂಡರು. ಗೋಡೆಯ ಕಿಂಡಿಗಳಿಂದ ಊರು ತುಂಡುತುಂಡಾಗಿ ಕಾಣುತ್ತಿತ್ತು. ಯಾರದೋ ತಾರಸಿ, ಒಣಹಾಕಿದ ಬಟ್ಟೆ, ಒಂದು ಸೈಕಲ್ಲು. ಮೇಲೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ತಟ್ಟಿದ ಮೇಲೆ ಹೊಸ ಕೀಲಿಯವನು ತೆರೆದ. ನೀರಿನ ಪೈಪು ರಿಪೇರಿಯಿಂದ ಇಲ್ಲಿಗೆ ವರ್ಗವಾಗಿ ಬಂದ, ತಲೆ ಬೋಳಾದ, ಮಾತಿನ ಮನುಷ್ಯ. ಅವನ ಒಂದು ಕೆನ್ನೆಯ ಮೇಲೆ ಹಲಗೆಯ ಗೆರೆ ಮೂಡಿತ್ತು.

ಅವನು ಹೇಳಿದ: ಯಂತ್ರದ ಹತ್ತಿರ ನಿಂತರೆ ಎಲ್ಲ ಚಕ್ರಗಳೂ ಒಟ್ಟಿಗೆ ಮಾತಾಡುತ್ತವೆ, ಏನೂ ತಿಳಿಯದು. ಲೋಲಕ ತೂಗುವುದು ಕೆಳಗೆ, ನೆಲದ ಅಡಿಯಲ್ಲಿ. ಅದು ಕುಂಟುತ್ತಿದ್ದರೆ ಹಲಗೆಗೆ ಕಿವಿಯಿಟ್ಟವನಿಗೆ ಮಾತ್ರ ಗೊತ್ತಾಗುತ್ತದೆ. ಕಣ್ಣು ಮುಚ್ಚಿದರೆ ಇನ್ನೂ ಚೆನ್ನ. ಹಳೆಯವರು ಹೋಗುವ ಮುಂಚೆ ಕಲಿಸಿಕೊಟ್ಟರು.

"ಮತ್ತೆ ಚಿಲಕ ಯಾಕೆ?" ಎಂದರು ಕೊಂಡಿಯವರು.

"ಅದು ನೀವು ಕಲಿಸಿಕೊಟ್ಟಿದ್ದು ಸಾರ್" ಎಂದ ಅವನು.

ಕೊಂಡಿಯವರು ಕನ್ನಡಕ ತೆಗೆದು ಆಕೆಯ ಕೈಗೆ ಕೊಟ್ಟರು. ಮೊದಲು ಮಂಡಿ, ಆಮೇಲೆ ಅಂಗೈ, ಆಮೇಲೆ ಇಡೀ ಮೈ. ಅಷ್ಟು ವಯಸ್ಸಿನ ಮನುಷ್ಯ ಧೂಳಿನ ಹಲಗೆಯ ಮೇಲೆ ಬೋರಲು ಮಲಗಿ ಕೆನ್ನೆ ನೆಲಕ್ಕೆ ಕೊಟ್ಟರು. ಗಡಿಯಾರದ ಬಿಳಿ ಗಾಜಿನ ಮುಖದಿಂದ ಹಾಲಿನಂಥ ಬೆಳಕು ಕೋಣೆಗೆ ಇಳಿಯುತ್ತಿತ್ತು. ಮುಳ್ಳಿನ ನೆರಳು ಅವರ ಬೆನ್ನಿನ ಮೇಲೆ ಗೊತ್ತಾಗದ ಹಾಗೆ ನಡೆಯುತ್ತಿತ್ತು. ಆಕೆಗೆ ಎಲ್ಲಿದ್ದೇನೆ ಎನ್ನುವುದೇ ಮರೆತಂತಾಯಿತು. ನೀರಿನ ತಳದಲ್ಲಿ ನಿಂತ ಹಾಗೆ. ಐದು ನಿಮಿಷವೋ ಹತ್ತೋ. ಅವರು ಅಲುಗಲಿಲ್ಲ.

ಬೋಳುತಲೆಯವನು ಆಕೆಯ ಕಿವಿಯ ಹತ್ತಿರ ಬಗ್ಗಿ, "ನಿದ್ದೆ ಹೋದರಾ?" ಎಂದು ಪಿಸುಗುಟ್ಟಿದ.

"ಇಲ್ಲ" ಎಂದರು ಕೊಂಡಿಯವರು ಕಣ್ಣು ತೆರೆಯದೆ. "ಕೇಳ್ತಾ ಇದೀನಿ."

ಹಾಗೆಂದವರು ತಮ್ಮ ಮಾತು ತಮಗೇ ಕೇಳಿಸಿದ ಹಾಗೆ ಇನ್ನಷ್ಟು ಹೊತ್ತು ಮಲಗಿಯೇ ಇದ್ದರು.

ಆ ಭಾನುವಾರದ ಅಂಕಣ ಆರು ಸಾಲು. ಎರಡು ವರ್ಷದ ಹಿಂದೆ ನಾನು ಬರೆದ ಮನುಷ್ಯ ನಿದ್ದೆ ಮಾಡುತ್ತಿರಲಿಲ್ಲ, ಕೆಲಸ ಮಾಡುತ್ತಿದ್ದ. ನಾನು ಅಲ್ಲೇ ಮಲಗಿ ನೋಡಿ ಬಂದೆ. ನನ್ನ ಜೊತೆ ನಕ್ಕವರೆಲ್ಲ ಇದನ್ನು ಎರಡು ಸಲ ಓದಿ ಎಂದಿತ್ತು. ಮಿಕ್ಕ ಜಾಗಕ್ಕೆ ಏನು ತುಂಬಲಿ ಎಂದು ಪ್ರೂಫಿನವರು ಕೇಳಿದರೆ ಖಾಲಿ ಬಿಡಿ ಎಂದರು.

ಆಮೇಲೆ ಬಂದ ಕಾಗದಗಳನ್ನು ಹೊರಲು ಗೋಣಿ ಬೇಕಾಯಿತು. ವರ್ಷಗಟ್ಟಲೆ ಹೊಗಳಿದವರೇ ಈಗ ಕುಟ್ಟಿದರು. ಹುಲಿ ಎಂದು ನಂಬಿದ್ದೆವು, ಬೆಕ್ಕಾಗಿ ಹಾಲಿಗೆ ಬಂದಿರಿ ಎಂದು ಒಬ್ಬ ಬರೆದ. ಹನ್ನೆರಡು ಸಲ ಕತ್ತೆ ಎಂದಿದ್ದವನು ಈ ಸಲ ಒಂದೇ ಸಾಲು ಬರೆದಿದ್ದ, ನಿಮ್ಮ ಆರೋಗ್ಯ ಹೇಗಿದೆ ಎಂದು. ಆಕೆ ಬೆರಳನ್ನು ನಂಬಲಿಲ್ಲ. ಒಂದೊಂದನ್ನೂ ಮೊದಲಿಂದ ಕೊನೆಯವರೆಗೆ ಓದಿ, ಆಮೇಲೆ ಪಾಲು ಮಾಡಿದಳು. ಕೆಲಸ ಮೂರು ವಾರ ಹಿಂದೆ ಬಿತ್ತು. ಯಾರೂ ಅವಸರ ಮಾಡಲಿಲ್ಲ.

ಕೊಂಡಿಯವರಿಗೆ ಬೇಕಾಗಿದ್ದದ್ದು ಇದಾವುದೂ ಅಲ್ಲ. ಆ ಮನುಷ್ಯ ಮಲಗಿದನೋ ಇಲ್ಲವೋ, ಅಷ್ಟೇ ಬೇಕಾಗಿತ್ತು. ಪೆನ್ಸಿಲಿನ ಕಾಗದ ಬರುವುದು ನಿಂತಿತ್ತು. ಅವರಿಗೂ ಅಷ್ಟರಲ್ಲಿ ಮೈ ಕೆಟ್ಟಿತು. ತಂಗಿಯ ಮನೆಯಲ್ಲಿ, ಹಿಂದಿನ ಕೋಣೆಯಲ್ಲಿ, ಮಂಚ ಹಿಡಿದರು. ಆಕೆಯನ್ನು ಅಲ್ಲಿಗೆ ಕರೆಸಿ, ಕಾಗದದಲ್ಲಿದ್ದ ವಿಳಾಸಕ್ಕೆ ಹೋಗಿ ನೋಡಿ ಬನ್ನಿ ಎಂದರು.

ಮನೆ ಅಗ್ನಿಶಾಮಕ ಠಾಣೆಯ ಹಿಂದಿನ ಗಲ್ಲಿಯಲ್ಲಿತ್ತು. ಬಾಗಿಲು ತೆರೆದ ಮೆತ್ತನೆಯವಳಿಗೆ ಅರವತ್ತು ದಾಟಿತ್ತು. ಎತ್ತರದ ಆಳು, ಬಟ್ಟೆ ಒಗೆದು ಒಗೆದು ಒರಟಾದ ದೊಡ್ಡ ಕೈ. ಆಕೆ ತಾನು ಯಾರು, ಏನು ತಪ್ಪು ಮಾಡಿದೆ ಎಂದು ಹೇಳಿಕೊಂಡಳು. ಆ ಹೆಂಗಸು ಬಾಗಿಲನ್ನು ಪೂರ್ತಿ ತೆರೆದು, "ಎರಡು ವರ್ಷ ಎಸೀದೆ ಇಟ್ಟಿದ್ರಲ್ಲ ಅಕ್ಕ, ಬನ್ನಿ ಒಳಗೆ" ಎಂದಳು. ಒಳಗೆ ಗಡಿಯಾರದವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಪತ್ರಿಕೆ ಓದಿದೆ, ಸರಿಯಾಗಿಯೇ ಬರೆದಿದ್ದಾರೆ ಎಂದರು. ಆದರೆ ಕೂತು ಕೂತು ಮೈ ಮಲಗುವುದನ್ನು ಮರೆತಿದೆ, ಬೆನ್ನು ಹಾಸಿಗೆಗೆ ತಾಗಿದ ಕೂಡಲೇ ಯಾರೋ ಮೆಟ್ಟಿಲು ಹತ್ತಿ ಬಂದ ಹಾಗಾಗುತ್ತದೆ ಎಂದರು.

ಆಕೆ ಇದ್ದದ್ದನ್ನು ಇದ್ದ ಹಾಗೆ ಬಂದು ಹೇಳಿದಳು. ಮುಂದಿನ ಗುರುವಾರ ಮತ್ತೆ ಹೋಗಿ ಎಂದರು ಕೊಂಡಿಯವರು. ಹೋದಳು, ಕೂತಿದ್ದರು. ಅದರ ಮುಂದಿನ ಗುರುವಾರವೂ ಕೂತಿದ್ದರು, ಆದರೆ ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಅದನ್ನು ಕೇಳಿ ಕೊಂಡಿಯವರು ಎಷ್ಟು ಎತ್ತರದ ಸ್ಟೂಲು ಎಂದು ಕೈಯಲ್ಲಿ ಅಳೆದು ತೋರಿಸಲು ಹೇಳಿದರು. ಅಷ್ಟು ಹೊತ್ತಿಗೆ ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. ಆಕೆ ಅವರ ಅಂಗೈಯನ್ನು ಹಿಡಿದು ಗಾಳಿಯಲ್ಲಿ ಆ ಎತ್ತರಕ್ಕೆ ನಿಲ್ಲಿಸಿದಳು.

ನಾಲ್ಕನೆಯ ಗುರುವಾರ ಬಾಗಿಲು ಅರ್ಧ ತೆರೆದೇ ಇತ್ತು. ಮೆತ್ತನೆಯವಳು ಹೊಸ್ತಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಳು. ಕುರ್ಚಿ ಗೋಡೆಗೆ ಸರಿದಿತ್ತು. ಮಂಚದ ಮೇಲೆ ಗಡಿಯಾರದವರು ಬಾಯಿ ಸ್ವಲ್ಪ ತೆರೆದು, ಒಂದು ಕೈ ಎದೆಯ ಮೇಲೆ, ಇನ್ನೊಂದು ಮಂಚದಿಂದ ಕೆಳಗೆ ಜೋತು ಬಿಟ್ಟು ಮಲಗಿದ್ದರು. ಕಿಟಕಿ ತೆರೆದಿತ್ತು. ಬೀದಿಯಲ್ಲಿ ಹೋಗುವ ಯಾರಿಗಾದರೂ ಕಾಣುವ ಹಾಗಿತ್ತು. ಇಬ್ಬರು ಹೆಂಗಸರೂ ಅಡಿಗೆಮನೆಯ ನೆಲದ ಮೇಲೆ ಅರ್ಧ ಗಂಟೆ ಕೂತರು. ಒಂದು ಮಾತಾಡಲಿಲ್ಲ. ಹೊರಡುವಾಗ ಆ ದೊಡ್ಡ ಕೈ ಆಕೆಯ ಭುಜವನ್ನು ಒಂದು ಗಳಿಗೆ ಹಿಡಿದುಕೊಂಡಿತು.

ಆಕೆ ಅಲ್ಲಿಂದ ನೇರ ಕೊಂಡಿಯವರ ತಂಗಿಯ ಮನೆಗೆ ಬಂದಳು. ಅವರಿಗೆ ಆಗ ಮಾತು ಕಡಿಮೆಯಾಗಿತ್ತು. ತುಟಿ ಒಣಗುತ್ತಿತ್ತು, ತಂಗಿ ಹತ್ತಿಯಲ್ಲಿ ನೀರು ಹಚ್ಚುತ್ತಿದ್ದರು. ಆಕೆ ಮಂಚದ ಪಕ್ಕ ಕೂತು ನಿಧಾನವಾಗಿ, ಒಂದೂ ಬಿಡದೆ ಹೇಳಿದಳು: ಗೋಡೆಗೆ ಸರಿದ ಕುರ್ಚಿ, ತೆರೆದ ಕಿಟಕಿ, ಜೋತುಬಿದ್ದ ಕೈ, ಅರ್ಧ ತೆರೆದ ಬಾಯಿ. ಅವರು ಮುಖವನ್ನು ಆಕೆಯ ದನಿಯ ಕಡೆಗೆ ತಿರುಗಿಸಿ ಕೇಳಿದರು. ಕೇಳಿ ಮುಗಿದ ಮೇಲೆ ಹಣೆ ಸ್ವಲ್ಪ ಗಂಟಿಕ್ಕಿತು, ಏನೋ ಅನುಮಾನ ಬಂದ ಹಾಗೆ. ತಂಗಿಯ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಕಾಗದದಮ್ಮ" ಎಂದರು. "ಬರುವಾಗ ಬಾಗಿಲು ಜೋರಾಗಿ ಎಳಕೊಂಡು ಬರಲಿಲ್ಲ ತಾನೇ?"